ಕತ್ತರಿಸಿದ ಅಂಗಿಯ ತುದಿ

ಸೋವರ್ಸ್ ಹಾಲೊ, ಪೆನ್ಸಿಲ್ವೇನಿಯಾ
ನವೆಂಬರ್ ೧೩, ಶನಿವಾರ

ಪ್ರೀತಿಯ ಹಾರ್ಲನ್,

ನಿನ್ನ ಭಾವ ಹೋದ ಮೇಲೆ ನಾನು ಯಾರಿಗೂ ಕಾಗದ ಬರೆದಿಲ್ಲ. ಮಾರ್ಚ್‌ನಲ್ಲಿ ಅವರನ್ನು ಮಣ್ಣು ಮಾಡುವಾಗ ನೀನು ಎಲ್ಲರ ಹಿಂದೆ ನಿಂತಿದ್ದೆ. ಒಬ್ಬರೂ ನಿನ್ನ ಕೈ ಕುಲುಕಲಿಲ್ಲ. ನಾನೂ ಬಂದು ಮಾತಾಡಿಸಲಿಲ್ಲ. ಈಗ ಅದನ್ನು ಮರೆತವಳಂತೆ ನಿನ್ನ ಮಂಡಿನೋವು ವಿಚಾರಿಸಿದರೆ ನಿನಗೆ ನಗು ಬಂದೀತು.

ಗುರುವಾರ ಅಗ್ನಿಶಾಮಕ ದಳದ ಷೆಡ್ಡಿನಲ್ಲಿ ಊರ ಸಭೆ ಸೇರಿತ್ತು. ಕಾಡಂಚಿನ ಹೊಸ ಮನೆಗಳಿಗೆ ಎದುರಾಗಿರುವ ಇಳಿಜಾರಿನಲ್ಲಿ ಇನ್ನು ಮುಂದೆ ಕೋವಿ ಹಾರಿಸಬಾರದು ಎಂಬ ನಿಯಮದ ಚರ್ಚೆ. ಆ ಹೊಸ ಮನೆಗಳಲ್ಲೊಂದರ ಕೋರಿನ್ ಎದ್ದು ನಿಂತಳು. ಹೋದ ವರ್ಷ ಜಿಂಕೆ ಬೇಟೆಯ ಮೊದಲ ದಿನ ಗುಂಡು ಹೊಕ್ಕಿದ್ದು ಅವಳ ಅಡುಗೆಮನೆಗೇ ಅಲ್ಲವೇ. ಅಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಮಗಳ ಎತ್ತರಕ್ಕೆ ಪೆನ್ಸಿಲ್ ಗೆರೆ ಎಳೆಯುತ್ತಾರಂತೆ. ತೂತು ಆಗಿದ್ದು ಕೊನೆಯ ಗೆರೆಗಿಂತ ಎರಡು ಬೆರಳು ಮೇಲೆ.

"ನನ್ ಮಗಳು ಈಗ ಆ ತೂತು ದಾಟಿ ಬೆಳ್ದಿದಾಳೆ," ಎಂದಳು. "ಈ ಸಲ ಬಂದ್ರೆ?"

ಮಾಂಸದಂಗಡಿಯ ಡೆಲ್ಬರ್ಟ್ ಹಿಂದಿನ ಸಾಲಿನಿಂದಲೇ ಶುರುಮಾಡಿದ. "ಕಾಡೇನು ನಿಮ್ಮನೆ ಹುಡುಕ್ಕೊಂಡು ಬಂತೇನಮ್ಮಾ? ಬಂದೋರು ನೀವು!" ಜನ ನಕ್ಕರು. ಅವನಿಗೆ ಅಷ್ಟೇ ಸಾಕಾಯಿತು. "ಹಾರ್ಲನ್ ಒಬ್ಬ ಕುಡುಕನ ಥರ ಹೊಡ್ದ ಅಂತ ಊರಿಗೆಲ್ಲಾ ಮೂಗುದಾರ ಹಾಕ್ತೀರಾ? ನಮ್ಗೆ ಕೋವಿ ಹಿಡಿಯೋದು ಕಲ್ಸಿದ್ದು ಎಲ್‌ವುಡ್ ಮೇಷ್ಟ್ರು. ಅವ್ರತ್ರ ಸರಿಯಾಗಿ ಕಲ್ತೋರು ಇಂಥ ತಪ್ಪು ಮಾಡಲ್ಲ. ಅವ್ರ ಹೆಂಡ್ತಿ ಇಲ್ಲೇ ಕೂತಿದಾರೆ, ಕೇಳಿ ಬೇಕಾದ್ರೆ!"

ಎಲ್ಲರೂ ನನ್ನತ್ತ ತಿರುಗಿದರು. ನಾನು ಕೈಚೀಲದ ಗುಂಡಿ ತೆಗೆದೆ, ಹಾಕಿದೆ. ಮತ ಹಾಕುವುದನ್ನು ಮುಂದಿನ ಗುರುವಾರಕ್ಕೆ ಮುಂದೂಡಿದರು.

ನಿನ್ನೆ ಎಲ್‌ವುಡ್ ಅವರ ಬಟ್ಟೆಗಳನ್ನು ಚರ್ಚಿಗೆ ಕೊಡಲೆಂದು ಗಂಟು ಕಟ್ಟುತ್ತಿದ್ದೆ. ಕೆಂಪು ಚೌಕುಳಿಯ ಉಣ್ಣೆ ಅಂಗಿಗೆ ಹಿಂದಿನ ತುದಿಯೇ ಇರಲಿಲ್ಲ. ಕತ್ತರಿಸಿದ ತುಂಡು ಅದರ ಜೇಬಿನಲ್ಲೇ ಮಡಚಿಕೊಂಡಿತ್ತು. ಅದರ ಮೇಲೆ ನಿನ್ನ ಕೋಳಿಕಾಲು ಅಕ್ಷರ: "ಭಾವ ಗುರಿ ತಪ್ಪಿದರು, ಜೀವಮಾನದಲ್ಲಿ ಮೊದಲ ಸಲ." ಕೆಳಗೆ ಹೋದ ವರ್ಷದ ಆ ಮೊದಲ ದಿನದ ತಾರೀಖು.

ಬೇಟೆಗಾರರ ವಾಡಿಕೆಯಂತೆ ಗುರಿ ತಪ್ಪಿದವನ ಅಂಗಿಯ ತುದಿ ಕತ್ತರಿಸಿ ಬೇಟೆಗುಡಿಸಲಿನ ಗೋಡೆಗೆ ಮೊಳೆ ಹೊಡೆಯುವಾಗ ನೀನು ಹೇಗೆ ಕುಣಿಯುತ್ತಿದ್ದೆ ಎಂದು ನನಗೆ ಗೊತ್ತು. ಆದರೆ ಈ ತುಂಡು ಗೋಡೆಗೆ ಹೋಗಲೇ ಇಲ್ಲ. ಅಷ್ಟರಲ್ಲಿ ಬೇಟೆ ಇಲಾಖೆಯ ಅಧಿಕಾರಿ ಬಂದ. ಕಾಡಿನಲ್ಲಿದ್ದವರು ನೀವಿಬ್ಬರೇ. ಡಾಕ್ಟರು ಭಾವನಿಗೆ ಉಳಿದದ್ದು ಕೆಲವೇ ತಿಂಗಳು ಎಂದಿದ್ದು ನಿನಗೆ ಗೊತ್ತಿತ್ತು. "ಹೊಡ್ದಿದ್ದು ನಾನೇ" ಎಂದೆ ನೀನು. ಕೋವಿ ಹೋಯಿತು, ಲೈಸೆನ್ಸ್ ಹೋಯಿತು, ಊರೂ ಹೋಯಿತು.

ಅವರು ಕಣ್ಣು ಮುಚ್ಚಿ ಹೊಡೆದವರಲ್ಲ, ಹಾರ್ಲನ್. ಪ್ರತಿ ವರ್ಷದಂತೆ ತಮ್ಮ ಅಪ್ಪ ನಿಲ್ಲುತ್ತಿದ್ದ ಓಕ್ ಮರದ ಬುಡದಲ್ಲಿ ನಿಂತರು, ಅಪ್ಪ ಹೊಡೆಯುತ್ತಿದ್ದ ದಿಕ್ಕಿಗೇ ಹೊಡೆದರು. ಅವರ ಪಾಲಿಗೆ ಆ ಕಡೆ ಇನ್ನೂ ಜೋಳದ ಹೊಲವೇ ಇತ್ತು. ಎಲ್‌ವುಡ್‌ಗೇ ಹಾಗಾಯಿತು ಎಂದರೆ ಡೆಲ್ಬರ್ಟನಿಗೆ ಆಗುವುದಿಲ್ಲವೇ? ತಪ್ಪು ನಿನ್ನೊಬ್ಬನದು ಎಂದು ಊರು ನಂಬಿರುವವರೆಗೂ ಆ ನಿಯಮ ಬರುವುದಿಲ್ಲ. ಇನ್ನೆರಡು ವಾರಕ್ಕೆ ಬೇಟೆ ಶುರು.

ಗುರುವಾರ ಆ ತುಂಡನ್ನು ಸಭೆಯ ಮೇಜಿನ ಮೇಲೆ ಇಡುತ್ತೇನೆ. "ಸತ್ತೋರ ಹೆಸರು ಯಾಕಕ್ಕಾ ಎಳೀತೀಯ" ಎಂದು ಫೋನ್ ಮಾಡಬೇಡ. ಬರುವುದಾದರೆ ಏಳು ಗಂಟೆಗೆ ಬಾ. ಹಿಂದೆ ನಿಲ್ಲಬೇಡ, ನನ್ನ ಪಕ್ಕ ಕೂರು.

ನಿನ್ನ ಅಕ್ಕ,
ಲುವೆಲ್ಲಾ

ಮರೆಯುವ ಮುನ್ನ: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆ ತುಂಡು ನನಗೆ ನಿನ್ನೆ ಸಿಕ್ಕಿದ್ದಲ್ಲ. ಅಧಿಕಾರಿ ನಿನ್ನನ್ನು ಕರೆದುಕೊಂಡು ಹೋದ ಸಂಜೆಯೇ ಎಲ್‌ವುಡ್ ಅಂಗಿ ಬಿಚ್ಚಿ, ತುಂಡಿನ ಸಮೇತ ನನ್ನ ಕೈಗೆ ಕೊಟ್ಟರು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕತ್ತರಿಸಿದ ಅಂಚನ್ನು ಮಡಿಸಿ ಕೆಂಪು ದಾರದಲ್ಲಿ ಹೊಲಿದುಬಿಟ್ಟೆ, ಯಾರ ಕಣ್ಣಿಗೂ ಬೀಳದಷ್ಟು ಸಣ್ಣ ಹೊಲಿಗೆ. ಗುರುವಾರ ಆ ಅಂಗಿಯನ್ನೂ ತರುತ್ತೇನೆ. ಅದು ನನ್ನ ಕೈಕೆಲಸ.