ಬಿಳಿ ಚಾಕೊಲೇಟಿನ ಆರ್ಡರ್

ಜೂನ್ 3, 1986. ಮಂಗಳವಾರ. ಶ್ರೀನಿವಾಸಪುರ

ಮೈದಾ ಎರಡು ಸಲ ಜರಡಿ ಹಿಡಿದೆ. ಸಕ್ಕರೆ ಪುಡಿ ಮಾಡಿಟ್ಟೆ. ಆಮೇಲೆ ಕೋಲಾರದ ಡಾಕ್ಟರಮ್ಮ ಕೊಟ್ಟ ಬಿಳಿ ಚಾಕೊಲೇಟು ಬಿಚ್ಚಿದೆ. ಮೂರು ಬಾರ್. ಅವರ ತಮ್ಮ ಲಂಡನ್ನಿಂದ ತಂದದ್ದಂತೆ. ನೋಡಲು ಬಟ್ಟೆ ಸೋಪು. ವಾಸನೆಯೇ ಇಲ್ಲ! ಚಾಕೊಲೇಟೋ, ಮೇಣವೋ... ಆ ತಮ್ಮನಿಗೆ ಅಲ್ಲಿ ಯಾರೋ ಟೋಪಿ ಹಾಕಿದ್ದಾರೆ.

ಡಾಕ್ಟರಮ್ಮನ ತಾಯಿಗೆ ಎಂಬತ್ತು ತುಂಬುತ್ತದೆ, 14ಕ್ಕೆ. ವೈಟ್ ಚಾಕೊಲೇಟ್ ಬ್ರೌನಿ, ನಲವತ್ತೆಂಟು ತುಂಡು. ಮಾಡುವ ವಿಧಾನ ಇರುವ, ಇಂಗ್ಲಿಷ್ ಪತ್ರಿಕೆಯಿಂದ ಹರಿದ ಹಾಳೆಯನ್ನೂ ಕೊಟ್ಟರು. "ಮನೇಲಿ ಎಲ್ರೂ ಬೆಂಗಳೂರು ಬೇಕರಿ ಅಂದ್ರು ಮುನಿಶಾಮಿ. ನಾನೇ ಬೇಡ ಅಂದೆ" ಅಂದರು. ಚಿನ್ನದ ಗಣಿಯ ಬಂಗಲೆಯಲ್ಲಿ ಇಪ್ಪತ್ತಾರು ವರ್ಷ ಬಟ್ಲರ್ ಆಗಿದ್ದವನು ನಾನು. ರಿಟೈರಾದ ಮೇಲೆ ಇದೇ ಮೊದಲ ಆರ್ಡರ್. ಕೆಟ್ಟರೆ ಇನ್ನು ಯಾರೂ ಕರೆಯುವುದಿಲ್ಲ.

ಜೂನ್ 5

ವೆನಿಲಾ ಎಸೆನ್ಸ್ ಮೂಸಿದೆ. ಬರೀ ನೀರು. ಕೋದಂಡರಾಮಪ್ಪನ ಅಂಗಡಿಯದು. ಬೆಣ್ಣೆಯೂ ಅಷ್ಟೇ, ಸುಣ್ಣ ಮೂಸಿದ ಹಾಗೆ. ಎಲ್ಲದರಲ್ಲೂ ಕಲಬೆರಕೆ.

ಮಂಡಿ ಕಡೆ ಹೋಗಿ ಬಂದೆ. ಮಾವಿನ ಲಾರಿಗಳು ಸಾಲಾಗಿ ನಿಂತಿವೆ, ಒಂದಿಷ್ಟಾದರೂ ಘಮ ಬೇಡವೇ? ಕಾರ್ಬೈಡ್ ಹಾಕಿ ಹಣ್ಣು ಮಾಡುತ್ತಾರೆ ಕಳ್ಳರು.

ಜೂನ್ 7, ಸಂಜೆ

ಟ್ರಯಲ್. ಒಂದು ಬಾರ್ ಬಿಸಿನೀರಿನ ಮೇಲಿಟ್ಟು ಕರಗಿಸಿದೆ. ಎಸೆನ್ಸ್ ನೀರಾಗಿದೆಯಲ್ಲ, ಅದಕ್ಕೇ ನಾಲ್ಕು ಪಟ್ಟು ಹಾಕಿದೆ. ಹೊಟ್ಟಿನ ಒಲೆ, ಡಬರಿಯಲ್ಲಿ ಮರಳು, ಅದರೊಳಗೆ ಟ್ರೇ, ಮುಚ್ಚಳದ ಮೇಲೆ ಕೆಂಡ. ಗಡಿಯಾರ ನಾನು ನೋಡುವುದಿಲ್ಲ. ಬೆಂದದ್ದನ್ನು ಮೂಗು ಹೇಳಬೇಕು.

ಪಕ್ಕದಲ್ಲೇ ಕೂತಿದ್ದೆ. ಸೊಸೆ ಭಾರತಿ ಹಿತ್ತಲಿಂದ ಓಡಿ ಬಂದಳು.

"ಮಾವ, ಸೀದೋಗ್ತಾ ಐತೆ! ಬೀದಿಗಂಟ ಬರ್ತಾ ಐತೆ ವಾಸ್ನೆ, ನಿಮಗೆ ಬರ್ಲಿಲ್ವಾ?"

"ಗೊತ್ತು ಕಣಮ್ಮ. ತಳ ಕೆಂಪಾಗ್ಲಿ ಅಂತ ಬಿಟ್ಟಿದ್ದೆ."

ಕರಿ ಹಂಚಾಗಿತ್ತು. ಅವಳು ನನ್ನ ಮುಖವನ್ನೇ ನೋಡಿದಳು. ಯಾಕೆ ನೋಡಬೇಕು? ನಡುವೆ ಒಮ್ಮೆ ನಾನು ನೀರಿಗೆ ಎದ್ದು ಹೋದಾಗ ಕೆಂಡ ಜಾಸ್ತಿ ಹಾಕಿದಳೋ ಏನೋ. ಇನ್ನು ಎರಡೇ ಬಾರ್. ಆರ್ಡರಿಗೆ ಸರಿಯಾಗಿ ಸಾಕು.

ಜೂನ್ 8

ಅಡಿಗೆಮನೆಗೆ ಕಾಲಿಟ್ಟರೆ ಸಾಕು, ಬಾಗಿಲಲ್ಲಿ ಭಾರತಿ. ಏನಾದರೂ ನೆಪ. ಅವಳ ಅಣ್ಣ ಯಲ್ದೂರಲ್ಲಿ ಬೇಕರಿ ಇಡುತ್ತಾನಂತೆ. ಅರ್ಥವಾಯಿತು. ಡಾಕ್ಟರಮ್ಮ ಕೊಟ್ಟ ಹಾಳೆಯನ್ನು ದಿಂಬಿನ ಕವರಿನೊಳಗೆ ಸೇರಿಸಿದೆ. ಎಸೆನ್ಸ್ ಬಾಟಲಿಗೆ ಪೆನ್ಸಿಲ್ ಗೆರೆ ಹಾಕಿಟ್ಟೆ.

ಜೂನ್ 9

ಎಸೆನ್ಸ್ ಗೆರೆಯ ಮಟ್ಟಕ್ಕೇ ಇದೆ. ಅಂದರೆ ತೆಗೆದಷ್ಟೂ ನೀರು ತುಂಬಿದ್ದಾಳೆ! ಜಾಣೆ.

ಕೇಳಿಯೇಬಿಟ್ಟೆ. "ಎಸೆನ್ಸ್ ಅಣ್ಣನಿಗೆ ಸಾಗ್ಸಿ ನನಗೆ ನೀರು ಇಟ್ಟಿದ್ದೀಯಾ?"

"ದೇವ್ರಾಣೆ ಮುಟ್ಟಿಲ್ಲ ಮಾವ." ಮತ್ತೇನೋ ಹೇಳಲು ಬಾಯಿ ತೆಗೆದವಳು ಅತ್ತಳು. ಮಗ ಕದಿರೇಶ ಡ್ಯೂಟಿಯಿಂದ ಬಂದವನೇ ಅವಳನ್ನು ತವರಿಗೆ, ಯಲ್ದೂರಿಗೆ, ಬಿಟ್ಟುಬಂದ.

ಒಳ್ಳೆಯದೇ ಆಯಿತು. ಬಾಗಿಲು ಖಾಲಿ.

ಜೂನ್ 11

ಬಾಟಲಿ ಹಿಡಿದು ಕೋದಂಡರಾಮಪ್ಪನ ಅಂಗಡಿಗೆ ಜಗಳಕ್ಕೆ ಹೋದೆ. ಅವನು ಮುಚ್ಚಳ ತೆಗೆದು ತಲೆ ಹಿಂದಕ್ಕೆ ಎಳೆದುಕೊಂಡ.

"ಏನ್ ಸಾಮಿ, ಮೂಗು ಸುಟ್ಟೋಯ್ತು! ಅಂಗಡಿಯೆಲ್ಲಾ ಘಮ್ ಅಂತೈತೆ. ನೀರೆಲ್ಲೈತೆ ಇದ್ರಾಗೆ?"

ಮಾಲು ಅವನದು, ಹಾಗೇ ಹೇಳುತ್ತಾನೆ ಅಂದುಕೊಂಡೆ. ಆದರೆ ಅಲ್ಲೇ ಇಂಗಿನ ಡಬ್ಬಿ ತೆರೆದಿತ್ತು. ಬಗ್ಗಿ ಮೂಸಿದೆ. ಏನೂ ಇಲ್ಲ.

ಮನೆಗೆ ಬಂದು ಬೆಳ್ಳುಳ್ಳಿ ಜಜ್ಜಿದೆ. ಏನೂ ಇಲ್ಲ. ಸೀಮೆಎಣ್ಣೆ ಬಟ್ಟೆಗೆ ಹಾಕಿ ಮುಖಕ್ಕೆ ಹಿಡಿದೆ. ಒದ್ದೆ, ಅಷ್ಟೇ.

ಯುಗಾದಿಯಾದ ಮೇಲೆ ಜ್ವರ, ನೆಗಡಿ ಬಂತಲ್ಲ... ಆಗಲೇ ಹೋಗಿದೆ ಮೂಗು. ಊರೆಲ್ಲ ಕಳ್ಳರು ಅಂತ ಬರೆದಿದ್ದೇನೆ ಇದರಲ್ಲಿ. ಆ ಹುಡುಗಿ ಅಳುವ ಹಾಗೆ ಮಾಡಿದೆ. ನಾಚಿಕೆ. ನಾಚಿಕೆಗಿಂತ ಭಯ ಜಾಸ್ತಿ. ಮೂಗಿಲ್ಲದ ಬಟ್ಲರ್ ಏನು ಮಾಡಬೇಕು?

ಜೂನ್ 13, ಶುಕ್ರವಾರ

ಯಲ್ದೂರಿಗೆ ಹೋದೆ. ಭಾರತಿ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. "ಬಾಮ್ಮ, ಮನೆಗೆ" ಅಂದೆ. ಮೊರ ಕೆಳಗಿಟ್ಟು ಒಳಗಿಂದ ಬ್ಯಾಗು ತಂದಳು.

ಬಸ್ಸಿನಲ್ಲಿ ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು. "ಹೋದ ತಿಂಗಳೇ ಗೊತ್ತಾಯ್ತು ಮಾವ. ಸಾರು ಹಳಸಿತ್ತು. ಎತ್ತಿಡೋಕೆ ಮುಂಚೇನೇ ಸುಮ್ನೆ ಉಂಡ್ಬಿಟ್ರಿ. ಅದ್ಕೇ ಬಾಗ್ಲಲ್ಲಿ ನಿಲ್ತಿದ್ದೆ, ಸೀದ್ರೆ ಹೇಳೋಣ ಅಂತ."

"ಕದಿರೇಶನಿಗೆ ಹೇಳಿದ್ಯಾ?"

"ಯಾರ್ಗೂ ಹೇಳಿಲ್ಲ."

ನಾನು ಕಳ್ಳಿ ಅಂದಾಗಲೂ ಹೇಳಲಿಲ್ಲ. ಅವರಮ್ಮನ ಮುಂದೆಯೂ ಹೇಳಿಲ್ಲ. ಇಳಿಯುವಾಗ "ತಪ್ಪಾಯ್ತು ಕಣಮ್ಮ" ಅಂದೆ. ಗಲಾಟೆಯಲ್ಲಿ ಕೇಳಿಸಿತೋ ಇಲ್ಲವೋ.

ಜೂನ್ 14, ಬೆಳಿಗ್ಗೆ 6.20

ಹಿಟ್ಟು ನಾನೇ ಕಲಸಿದೆ. ಎಸೆನ್ಸ್ ಅವಳು ಮೂಸಿ, ಅಳತೆಗೆ ಸರಿಯಾಗಿ ಹಾಕಿದಳು. ಎರಡು ಬಾರೂ ಹಾಕಿಯಾಗಿದೆ. ಟ್ರೇ ಒಲೆ ಮೇಲೆ. ಹತ್ತಕ್ಕೆ ಡಾಕ್ಟರಮ್ಮನ ಕಾರು ಬರುತ್ತದೆ. ಮಣೆ ಹಾಕಿಕೊಂಡು ಭಾರತಿ ಡಬರಿಯ ಪಕ್ಕ. ನಾನು ಈಚೆ ಬರೆಯುತ್ತಾ ಕೂತಿದ್ದೇನೆ.

"ಈಗ?"

"ಬರೀ ಬೆಣ್ಣೆ ಮಾವ."

6.45

"ಈಗ ಹೆಂಗೈತೆ ಹೇಳು."

"ಹಾಲು ಸುಂಡ್ತಾ ಇದ್ದಂಗೆ."

"ತಳ?"

"ಇನ್ನೂ ಇಲ್ಲ. ಇರಿ, ನಾನಿದ್ದೀನಲ್ಲ."

6.55

ಮುಚ್ಚಳಕ್ಕೆ ಮುಖ ಹತ್ತಿರ ತಂದು ಕಣ್ಣು ಮುಚ್ಚಿದ್ದಾಳೆ. ನಾನು ಹೀಗೇ ಮಾಡುತ್ತಿದ್ದೆ. ಯಾರೂ ಹೇಳಿಕೊಟ್ಟಿಲ್ಲ ಅವಳಿಗೆ. ಬಂತು ಅನ್ನುತ್ತಾಳೆ, ಅಂಚು ಕೆಂಪಗಾಗೋ ವಾಸನೆ, ಏಳಿ ಮಾವ, ಇಳ್ಸಿ, ಈಗ್ಲೇ —