ಲಿಫ್ಟ್ ರಿಪೇರಿಯವನ ವ್ಯಾಯಾಮ

ಅಕ್ಕಾ,

ಊಟ ಆಯ್ತಾ ಅಂತ ಕೇಳೋಕ್ಕಿಂತ ಮುಂಚೆ ನೀನು ಕೇಳೋದೇ ವ್ಯಾಯಾಮ. ಅದಕ್ಕೇ ಮೊದಲೇ ಹೇಳಿಬಿಡ್ತೀನಿ, ಇಲ್ಲಿ ಹತ್ತಿರದಲ್ಲೆಲ್ಲೂ ಜಿಮ್ ಇಲ್ಲ. ನನ್ನ ರೂಮಿನಲ್ಲಿ ಕೈ ಚಾಚಿದರೆ ಎರಡೂ ಕಡೆ ಗೋಡೆ ಸಿಗುತ್ತೆ. ಹಾಗಾಗಿ ಲಿಫ್ಟ್ ರಿಪೇರಿಗೆ ಅಂತ ಬಂದ ಏಳು ಮಹಡಿ ಕಟ್ಟಡದ ಮೆಟ್ಟಿಲನ್ನೇ ಜಿಮ್ ಮಾಡಿಕೊಂಡೆ. ಟೂಲ್ ಬ್ಯಾಗ್ ಹೆಗಲಿಗೇರಿಸಿ ಹತ್ತೋದು, ಇಳಿಯೋದು. ಶುಗರ್ ಹತೋಟಿಗೆ ಬಂತು, ಪ್ಯಾಂಟು ಸಡಿಲ ಆಯ್ತು.

ಹೋದ ವಾರ ಲಿಫ್ಟ್ ಸರಿಯಾಯ್ತು. ಅಭ್ಯಾಸ ತಪ್ಪಬಾರದು ಅಂತ ನಾನು ಮಾತ್ರ ಮೆಟ್ಟಿಲಲ್ಲೇ ಓಡಾಡ್ತಿದ್ದೆ. ನೋಡಿದರೆ ಒಬ್ಬರೂ ಲಿಫ್ಟ್ ಹತ್ತುತ್ತಿಲ್ಲ. ಮೇಲಿನ ಮಹಡಿಯ ಅಜ್ಜಿ ಕೂಡ ಕಂಬಿ ಹಿಡಿದು, ಏದುಸಿರು ಬಿಡುತ್ತಾ ಹತ್ತುತ್ತಿದ್ದರು.

"ಲಿಫ್ಟ್ ಇದೆಯಲ್ಲ ಅಜ್ಜಿ?" ಅಂದೆ.

"ರಿಪೇರಿ ಮಾಡಿದವನೇ ಹತ್ತಲ್ಲ, ನಾವು ಹತ್ತಿ ಸಾಯಬೇಕಾ?" ಅಂದರು.

ವಿಷಯ ಕಟ್ಟಡದ ಮಾಲೀಕರವರೆಗೂ ಹೋಯ್ತು. ಜನಕ್ಕೆ ನಂಬಿಕೆ ಬರೋ ತನಕ ನಾನೇ ಲಿಫ್ಟಲ್ಲಿ ಮೇಲೆ ಕೆಳಗೆ ಹೋಗ್ತಾ ಇರಬೇಕಂತೆ. ಕೂರೋಕೆ ಸ್ಟೂಲೂ ಕೊಟ್ಟಿದ್ದಾರೆ. ಬೇರೆಯವರೆಲ್ಲ ಒಬ್ಬೊಬ್ಬರಾಗಿ ಹತ್ತೋಕೆ ಶುರು ಮಾಡಿದರು, ಪಾಪ ಅಂತ ಬಿಸ್ಕತ್ತೂ ಕೊಡ್ತಾರೆ. ಅಜ್ಜಿ ಮಾತ್ರ ಇವತ್ತೂ ಬಾಗಿಲವರೆಗೆ ಬಂದು, ನನ್ನನ್ನೊಮ್ಮೆ ಸ್ಟೂಲನ್ನೊಮ್ಮೆ ನೋಡಿ, ಮೆಟ್ಟಿಲ ಕಡೆಗೇ ಹೋದರು. ಅವರಿಗೀಗ ಏದುಸಿರು ಇಲ್ಲ.

ಕಾರ್ಡಲ್ಲಿ ಜಾಗ ಮುಗೀತು. ಭಾವನ ಹಳೇ ದೊಡ್ಡ ಸೈಜಿನ ಪ್ಯಾಂಟುಗಳನ್ನ ಯಾರಿಗೂ ಕೊಟ್ಟುಬಿಡಬೇಡ.

ನಿನ್ನ ತಮ್ಮ