ಯುದ್ಧಕ್ಕೆ ಹೋಗದ ಕುರಿಗಳು

ಗುಡೂರು, ಸೋಮವಾರ

ಮಾಳಿಂಗಣ್ಣಾ,

ನೀನು ತೀರಿಕೊಳ್ಳುವ ತನಕ ಮೊಬೈಲಿನಲ್ಲಿ ಆಡುತ್ತಿದ್ದ ಕುರಿ ಕಾಯುವ ಆಟದ ಎರಡನೇ ಭಾಗ ಬಂದಿದೆ. ಈಗ ಅದರ ತುಂಬ ಹೊಡೆದಾಟ. ಶುರುವಿಗೇ ಕೈಗೆ ಕತ್ತಿ ಕೊಟ್ಟರು. ನಾನು ನಮ್ಮ ಹಿಂಡಿಗೆ ಹಾಕುವ ಹಾಗೆ ಜಾಲಿಯ ಟೊಂಗೆ ಕಡಿಯುತ್ತ ನಿಂತೆ; ಹಿಂದಿನಿಂದ ಬಂದ ಸೈನಿಕ ನನ್ನನ್ನು ಕೊಂದೇಬಿಟ್ಟ!

ಆಮೇಲೆ ಆಟ ಕೇಳಿತು, ಹಳೆಯ ಹಿಂಡನ್ನು ಇಲ್ಲಿಗೆ ತರಬೇಕೆ ಎಂದು. ತಂದರೆ ಹಳೆಯ ಆಟ ಅಳಿಸಿಹೋಗುತ್ತದಂತೆ. ಅವ್ವನಿಗೆ ಓದಿ ಹೇಳಿದೆ.

"ಬಡದಾಟ ನಡದಲ್ಲಿ ಯಾರರೆ ಕುರಿ ಹೊಡಕೊಂಡು ಹೋಗ್ತಾರೇನ? ಒಲ್ಲೆ ಅನ್ನು" ಅಂದಳು.

ಒಲ್ಲೆ ಅಂದೆ. ಎದೆ ಹಗುರಾಯಿತು. ಹಳೆಯದನ್ನು ತೆರೆದರೆ, ನೀನು ಬಿಟ್ಟ ಗುಡ್ಡದಲ್ಲೇ ಎಲ್ಲವೂ ಮೇಯುತ್ತಿವೆ. ನಿನ್ನ ಕರಿ ಕುರಿ ಮರಿ ಹಾಕಿದೆ. ಆಟ ಅದರ ಹೆಸರು ಕೇಳುತ್ತಿದೆ. ಹೆಸರಿಡುವವನು ಯಾವಾಗಲೂ ನೀನೇ ಅಲ್ಲವೇ, ಖಾಲಿ ಬಿಟ್ಟಿದ್ದೇನೆ.

ನಿನ್ನ ತಂಗಿ,
ಸುಧಾರಾಣಿ